ದಿಂಬಿನ ರುದ್ರಣ್ಣನ ನಿದ್ದೆ

ಬಸ್ಸಿನ ಕಿಟಕಿಗೆ ತಲೆ ಆನಿಸಿ, ಎದೆಗೆ ಬಿಳಿ ದಿಂಬುಗಳ ಕಟ್ಟನ್ನು ಅಪ್ಪಿಕೊಂಡು, ಬಾಯಿ ಅರ್ಧ ತೆರೆದು ಮಲಗಿದ ಮನುಷ್ಯನನ್ನು ಶಿರಸಿ, ಸಿದ್ದಾಪುರ, ಯಲ್ಲಾಪುರದ ದಾರಿಯಲ್ಲಿ ಎಲ್ಲಾದರೂ ನೀವು ನೋಡಿದ್ದರೆ, ಅವನೇ ನಮ್ಮ ರುದ್ರಣ್ಣ. ದಾಸನಕೊಪ್ಪದಲ್ಲಿ ಬಸ್ಸು ಹತ್ತುತ್ತಿದ್ದ. ಪೋಲಿಯೋ ತಿಂದ ಎಡಗಾಲನ್ನು ಎರಡೂ ಕೈಯಿಂದ ಎತ್ತಿ ಸೀಟಿನ ಸಂದಿಯಲ್ಲಿ ಜೋಡಿಸಿಡುತ್ತಿದ್ದ. ಡ್ರೈವರು ಗೇರು ಬದಲಿಸುವಷ್ಟರಲ್ಲಿ ಗೊರಕೆ ಶುರು.

ಅವನ ಕಸುಬು ದಿಂಬು ಹೊಲಿಯುವುದು. ಬೂರುಗದ ಹತ್ತಿ ತುಂಬಿದ, ಮುಟ್ಟಿದರೆ ಕೈ ಮುಳುಗುವ ದಿಂಬುಗಳು. ಮೂರೂ ತಾಲೂಕಿನ ಮನೆಗಳಲ್ಲಿ, ಲಾಡ್ಜುಗಳಲ್ಲಿ ಎಷ್ಟೋ ಜನ ತಿಳಿಯದೆಯೇ ಅವನ ಕೈಕೆಲಸದ ಮೇಲೆ ತಲೆಯಿಟ್ಟು ಮಲಗಿದ್ದಾರೆ. ಬಸ್ ಸ್ಟಾಪಿನ ಪಕ್ಕದ ನನ್ನ ಝೆರಾಕ್ಸ್ ಅಂಗಡಿಯ ಎದುರಿಗೇ ಅವನ ಮನೆ. ಹೆಂಡತಿ ಮಕ್ಕಳಿಲ್ಲ. ಆದ್ದರಿಂದ ಬಸ್ಸಿನಲ್ಲಿ ಬಿದ್ದ ಕನಸನ್ನೆಲ್ಲ ಇಳಿದ ಕೂಡಲೇ ನನಗೆ ಒಪ್ಪಿಸಿ ಹೋಗುತ್ತಿದ್ದ.

“ಇವತ್ತ ಬಸ್ಸು ಗುಡ್ನಾಪುರದ ಕೆರಿ ಮ್ಯಾಲ ಹೊಂಟಿತ್ತು ತಮ್ಮಾ. ನೀರು ಒಂಚೂರೂ ಅಲ್ಲಾಡವಲ್ದು. ಕಂಡಕ್ಟರ್ ಕೊಕ್ಕರಿಗೆಲ್ಲ ಟಿಕೆಟ್ ಹರೀತಿದ್ದ.”

“ನೀನೂ ತಗೊಂಡ್ಯೋ?”

“ನನಗ್ಯಾಕೋ? ನಂದು ಪಾಸ್ ಐತಲ್ಲ!”

ಆ ಪಾಸನ್ನು ಅವನು ಅಂಗಿಯ ಒಳಜೇಬಿನಲ್ಲಿ, ದೇವರ ಪ್ರಸಾದದ ಹಾಗೆ ಮಡಿಸಿಟ್ಟುಕೊಳ್ಳುತ್ತಿದ್ದ. ದಿಂಬು ಇರಲಿ ಬಿಡಲಿ, ಕೆಲವು ದಿನ ಸುಮ್ಮನೆ ಸಿದ್ದಾಪುರದ ತನಕ ಹೋಗಿ ಅದೇ ಬಸ್ಸಿನಲ್ಲಿ ಮರಳುತ್ತಿದ್ದ. ಇವನಿಗೆ ಊರು ಸುತ್ತುವ ಚಟ ಎಂದು ನಾವೆಲ್ಲ ತಮಾಷೆ ಮಾಡುತ್ತಿದ್ದೆವು. ಅವನೂ ನಗುತ್ತಿದ್ದ.

ಅಂಥ ಪಾಸಿಗೇ ಒಂದು ಸಲ ಸಂಚಕಾರ ಬಂತು. ಅಂಗವಿಕಲರ ಹಳೆಯ ಪ್ರಮಾಣಪತ್ರ ಇನ್ನು ನಡೆಯುವುದಿಲ್ಲ, ಹೊಸ ಕಾರ್ಡು ಬೇಕು, ಅದಕ್ಕೆ ವೈದ್ಯರ ಮುಂದೆ ಮತ್ತೆ ತಪಾಸಣೆಯಾಗಬೇಕು ಎಂದಾಯಿತು. ಕಾರ್ಡಿಲ್ಲದಿದ್ದರೆ ಸರ್ಕಾರ ಕೊಡುವ ತಿಂಗಳ ವೇತನವೂ ಇಲ್ಲ, ಬಸ್ ಪಾಸೂ ಇಲ್ಲ. ಅರ್ಜಿಯನ್ನು ನಾನೇ ಹಾಕಿಕೊಟ್ಟೆ. ಶಿರಸಿಯ ಆಸ್ಪತ್ರೆಗೆ ಇಂಥ ದಿನ ಬರಬೇಕೆಂದು ಮೊಬೈಲಿಗೆ ಸಂದೇಶ ಬಂತು. ಆ ದಿನ ಬೆಳಿಗ್ಗೆ ರುದ್ರಣ್ಣ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಆಸ್ಪತ್ರೆಯ ಬೆಂಚು ಗಟ್ಟಿ ಇರುತ್ತದೆಂದು ಒಂದು ದಿಂಬನ್ನೂ ಕಂಕುಳಲ್ಲಿಟ್ಟು ಹೊರಟ.

ಎಡವಟ್ಟಾದದ್ದು ಆ ದಿಂಬಿನಿಂದಲೇ. ಹಾವೇರಿಯಿಂದ ಬಂದು ಶಿರಸಿ ಹಾದು ಯಲ್ಲಾಪುರಕ್ಕೆ ಹೋಗುವ ಬಸ್ಸು ಅದು. ಪಾಸಿನವನ ಹತ್ತಿರ ಇಳಿಯುವ ಊರು ಬರೆದ ಟಿಕೆಟ್ಟು ಇರುವುದಿಲ್ಲ. ಕಂಡಕ್ಟರು ಪರಿಚಯದವನು. ದಿಂಬು ನೋಡಿ, ಎಂದಿನಂತೆ ಯಲ್ಲಾಪುರಕ್ಕೆ ಕೊಡಲು ಹೊರಟಿದ್ದಾನೆ ಎಂದುಕೊಂಡ. ಶಿರಸಿ ಬಂತು. ಜನ ಇಳಿದರು, ಹತ್ತಿದರು. ಪಾಪ, ಮಲಗಲಿ ಎಂದು ಆ ಪುಣ್ಯಾತ್ಮ ಕಿಟಕಿಯ ಗಾಜನ್ನೂ ಮೆಲ್ಲಗೆ ಸರಿಸಿ ಧೂಳು ಬೀಳದ ಹಾಗೆ ಮಾಡಿದನಂತೆ.

ಸಂಜೆ ರುದ್ರಣ್ಣ ನನ್ನ ಅಂಗಡಿಯ ಮೆಟ್ಟಿಲ ಮೇಲೆ ಬಂದು ಕೂತ.

“ಯಲ್ಲಾಪುರದಾಗ ಎಚ್ಚರಾತು ತಮ್ಮಾ. ಎದ್ದು ತಿರುಗಿ ಶಿರಸಿಗೆ ಬರೂದ್ರಾಗ ಡಾಕ್ಟರೆಲ್ಲ ಎದ್ದು ಹೋಗಿದ್ರು.”

ನನಗೆ ಪಿತ್ತ ನೆತ್ತಿಗೇರಿತು. ಬಾಯಿಗೆ ಬಂದಷ್ಟು ಬೈದೆ. ಅವನು ದಿಂಬಿನ ಮೂಲೆಯನ್ನು ನೀವುತ್ತಾ ಕೇಳಿಸಿಕೊಂಡ. ಕೊನೆಗೆ, “ವೇತನ ಹೋದ್ರ ಇನ್ನೆರಡು ದಿಂಬು ಹೊಲೀತೀನಿ. ಪಾಸ್ ಹೋದ್ರ ಏನ್ ಹೊಲೀಲೋ?” ಎಂದ. ಅವನ ದನಿ ಹಾಗೆ ನಡುಗಿದ್ದನ್ನು ನಾನು ಮೊದಲು ಕೇಳಿರಲಿಲ್ಲ.

ಪಂಚಾಯಿತಿಯಲ್ಲಿ ಅಂಗವಿಕಲರ ಕೆಲಸ ನೋಡಿಕೊಳ್ಳುವ ಅಕ್ಕನಿಗೆ ಫೋನು ಹಚ್ಚಿದೆ. ಆಕೆ ಗಾಬರಿಯಾಗಲಿಲ್ಲ. “ತಾರೀಖು ತಪ್ಪಿಸಿಕೊಂಡವರು ನಿಮ್ಮ ರುದ್ರಣ್ಣ ಒಬ್ಬರೇ ಅಲ್ಲ. ಹೆದರಿ ಮನ್ಯಾಗ ಕೂತ್ರ ಮಾತ್ರ ಕೆಡತೈತಿ. ನಾಳೆನೇ ಆಸ್ಪತ್ರಿಗೆ ಹೋಗಿ, ಯಾಕ ಬರಾಕ ಆಗಲಿಲ್ಲ ಅಂತ ಬರದು ಕೊಡ್ರಿ. ಹಳೇ ಪ್ರಮಾಣಪತ್ರದ ಝೆರಾಕ್ಸ್ ಹಚ್ಚಿ ಇನ್ನೊಂದು ತಾರೀಖು ಕೇಳ್ರಿ. ಕೊಟ್ಟಿದ್ದಕ್ಕ ಸಿಕ್ಕಾ ಹಾಕಿಸ್ಕೊಂಡು ಬರ್ರಿ,” ಎಂದಳು.

ನಾನು ಅರ್ಜಿಗೆ ಕೂತೆ. ‘ತೀವ್ರ ಜ್ವರವಿದ್ದ ಕಾರಣ’ ಎಂದು ಬರೆದು ಓದಿ ಹೇಳಿದೆ.

“ನನಗ ಜ್ವರ ಎಲ್ಲಿ ಬಂದಿತ್ತು? ನಿದ್ದಿ ಹತ್ತಿತ್ತು ಅಂತ ಬರಿ.”

“ನಿದ್ದಿ ಅಂದ್ರ ನಗ್ತಾರೋ ಮಾರಾಯಾ!”

“ನಗಲಿ ಬಿಡು. ಜ್ವರ ಅಂದ್ರ ಡಾಕ್ಟರ್ ಚೀಟಿ ಕೇಳ್ತಾರ. ನಿದ್ದಿಗೆ ಯಾರ್ ಚೀಟಿ ಕೇಳ್ತಾರ?”

ಎಷ್ಟು ಹೇಳಿದರೂ ಜಗ್ಗಲಿಲ್ಲ. ನನ್ನ ಅಂಗಡಿಯಲ್ಲಿ ಎಂತೆಂಥ ಕಾರಣಗಳನ್ನೋ ಬರೆದುಕೊಟ್ಟಿದ್ದೇನೆ. ಸತ್ತ ಅಜ್ಜಿಯರನ್ನು ಮತ್ತೆ ಮತ್ತೆ ಸಾಯಿಸಿದ್ದೇನೆ. ‘ಬಸ್ಸಿನಲ್ಲಿ ನಿದ್ದೆ ಬಂದಿದ್ದರಿಂದ’ ಎಂದು ಬರೆದದ್ದು ಅದೊಂದೇ ಸಲ.

ಇನ್ನೊಂದು ತಾರೀಖು ಸಿಕ್ಕಿತು. ಈ ಸಲ ನಾನೇ ಜೊತೆಗೆ ಹೋದೆ. ಅವನನ್ನು ಮಲಗಗೊಡಬಾರದೆಂದು ದಾರಿಯುದ್ದಕ್ಕೂ ಊರಿನ ಸುದ್ದಿಯನ್ನೆಲ್ಲ ಕೊರೆದೆ. ಡಾಕ್ಟರು ಕಾಲನ್ನು ಮಡಿಸಿ, ಚಾಚಿ ನೋಡಿದರು. ಕಡತದಲ್ಲಿದ್ದ ನಮ್ಮ ಅರ್ಜಿ ಓದಿ, ನಾನು ಅಂಜಿದಂತೆಯೇ ನಕ್ಕರು. ಆಮೇಲೆ ನಗು ನಿಲ್ಲಿಸಿ, “ಹಗಲೇ ಇಷ್ಟು ನಿದ್ದೆ ಬರತ್ತಲ್ಲ, ರಾತ್ರಿ ಮಲಗಲ್ವಾ?” ಎಂದು ಕೇಳಿದರು.

ರುದ್ರಣ್ಣ ನನ್ನ ಕಡೆ ನೋಡಿದ. ನಾನು ಪಕ್ಕದಲ್ಲಿದ್ದುದರಿಂದ ಹೇಳಲು ನಾಚುತ್ತಿದ್ದ ಹಾಗಿತ್ತು.

“ರಾತ್ರಿ ಈ ಕಾಲು ಮಲಗೂದಿಲ್ರಿ. ನಾ ಹಾಸಿಗ್ಗೆ ಬಿದ್ದ ಕೂಡ್ಲೆ ಅದು ಏಳತೈತಿ. ಒಳಗ ಯಾರೋ ಹಗ್ಗ ಹಿಂಡಿದಂಗ. ಸಣ್ಣವಿದ್ದಾಗ ಅವ್ವ ತೊಡಿ ಮ್ಯಾಲ ಹಾಕ್ಕೊಂಡು ತೂಗ್ತಿದ್ಲು, ಆವಾಗ ಸುಮ್ಮನಾಗ್ತಿತ್ತು. ಈಗ ಬಸ್ಸು ಅಲ್ಲಾಡಿದ್ರ ಅಷ್ಟ ಸುಮ್ಮನಾಗತೈತ್ರಿ.”

ಡಾಕ್ಟರು ಬಹಳ ಹೊತ್ತು ಬರೆದರು. ನೋವಿಗೆ ಗುಳಿಗೆಯನ್ನೂ ಕೊಟ್ಟರು. ನಾನು ಗೋಡೆ ನೋಡುತ್ತಾ ನಿಂತಿದ್ದೆ. ಎದುರು ಮನೆಯಲ್ಲಿದ್ದುಕೊಂಡು, ಅವನ ಕನಸುಗಳನ್ನೆಲ್ಲ ಕೇಳಿದವನಿಗೆ ಇದೊಂದು ಗೊತ್ತಿರಲಿಲ್ಲ.

ಕಾರ್ಡು ಬಂತು, ಪಾಸೂ ಹೊಸತಾಯಿತು. ಗುಳಿಗೆಯಿಂದ ಅಷ್ಟೇನೂ ಗುಣ ಕಾಣಲಿಲ್ಲ. ಬಸ್ಸೇ ವಾಸಿ ಎಂದ. ಮುಂದಿನ ವರ್ಷ ದೀಪಾವಳಿ ಕಳೆದ ಮೇಲೆ, ಎದೆನೋವು ಬಂದು ರುದ್ರಣ್ಣ ತೀರಿಕೊಂಡ. ಅವನು ಕೊಟ್ಟ ದಿಂಬು ನನ್ನ ಮನೆಯಲ್ಲಿದೆ. ಅದರ ಮೇಲೆ ತಲೆಯಿಟ್ಟಾಗಲೆಲ್ಲ ಅವನ ಜೊತೆ ಕೊನೆಯ ಸಲ ಬಸ್ಸಿನಲ್ಲಿ ಬಂದದ್ದು ನೆನಪಾಗುತ್ತದೆ.

ಅಂದು ಶಿರಸಿಯಿಂದ ಒಟ್ಟಿಗೆ ಮರಳುತ್ತಿದ್ದೆವು. “ದಾಸನಕೊಪ್ಪ ಬಂದ ಕೂಡ್ಲೆ ಎಬ್ಬಿಸು ತಮ್ಮಾ,” ಎಂದು ನನ್ನ ಹೆಗಲಿಗೆ ತಲೆ ಕೊಟ್ಟ. ದಾಸನಕೊಪ್ಪ ಬಂತು. ನನ್ನ ಅಂಗಡಿಯ ಬಾಗಿಲು, ಅವನ ಮನೆಯ ಮುಂದೆ ಬಿಸಿಲಿಗೆ ಹರವಿದ್ದ ಬಟ್ಟೆ ಎಲ್ಲ ಕಾಣಿಸಿತು. ಇಳಿಯುವುದಿಲ್ಲವೇ ಎಂದು ಕಂಡಕ್ಟರು ಹುಬ್ಬು ಹಾರಿಸಿದ. ನಾನು ತುಟಿಯ ಮೇಲೆ ಬೆರಳಿಟ್ಟು, ನನಗೊಂದು ಹಾವೇರಿ ಟಿಕೆಟ್ಟು ತೆಗೆದುಕೊಂಡೆ. ಬಯಲು ಶುರುವಾದ ಮೇಲೆ, ಜೋಳದ ಹೊಲಗಳ ನಡುವೆ ಎಲ್ಲೋ ಒಮ್ಮೆ ಅವನ ಕಣ್ಣು ಅರೆ ತೆರೆಯಿತು.

“ನಮ್ಮೂರು ಬಂತೇನೋ?”

“ಇಲ್ಲ, ಇನ್ನೂ ದೂರ ಐತಿ. ಮಲ್ಕೋ.”