ಶ್ರೀಕಾರದ ಕೆಳಗೆ ಬರೆಯಲಾಗದ ಸಾಲು

ಸುಮನಾಳಿಗೆ ಬರೆಯಬೇಕಾಗಿದ್ದುದು ಒಂದೇ ಸಾಲು: ನನಗೆ ಇನ್ನೊಂದು ಮಗು ಬೇಡ. ಮಗಳಿಗೆ ಐದು ತುಂಬಿದಾಗಿನಿಂದ ಶಿವಮೊಗ್ಗದ ಮನೆಯಲ್ಲಿ ಎಲ್ಲರ ಬಾಯಲ್ಲೂ ಎರಡನೆಯದರ ಮಾತೇ. ಅತ್ತೆ ವೀರಮ್ಮನವರು ಹೆಸರನ್ನೂ ಆರಿಸಿಟ್ಟಾಗಿತ್ತು. ಸುಮನಾ ನಕ್ಕು ಸುಮ್ಮನಾಗುತ್ತಿದ್ದಳು. ಒಳಗೆ ಮಾತ್ರ ಕಸಿವಿಸಿ. ಕೂತಲ್ಲಿ ಕೂರಲಾರಳು, ಒಲೆಯ ಮೇಲಿನ ಹಾಲು ಉಕ್ಕಿಹೋಗುತ್ತಿತ್ತು, ಇಳಿಯುವ ಸ್ಟಾಪು ದಾಟಿಹೋಗುತ್ತಿತ್ತು. ಇದಕ್ಕೆಂದು ತೋರಿಸಲು ಹೋದಾಗ, ಮನಸ್ಸಿನಲ್ಲಿರುವುದನ್ನು ಬರೆದಿಡಿ ಎಂದು ಡಾಕ್ಟರು ಹೇಳಿದ್ದೇ ತಡ, ಮನೆಮಂದಿಯೆಲ್ಲ ಅವಳ ಡೈರಿಯ ಹಿಂದೆ ಬಿದ್ದರು.

ಗಂಡ ವಿಜಯೇಂದ್ರ ಗೊಬ್ಬರದ ಕಂಪನಿಯವರು ಪುಕ್ಕಟೆ ಕೊಟ್ಟ ಡೈರಿ ತಂದ. ಅವಳು ಪೆನ್ನು ಹುಡುಕುವಷ್ಟರಲ್ಲಿ ವೀರಮ್ಮ ಅದರ ಮೂಲೆಗಳಿಗೆ ಅರಿಶಿನ ಹಚ್ಚಿ, ಮೊದಲ ಪುಟದಲ್ಲಿ ದೊಡ್ಡದಾಗಿ 'ಶ್ರೀ' ಬರೆದು, ದೇವರ ಮುಂದಿಟ್ಟು ತಂದುಕೊಟ್ಟರು. ಪಾಪ, ಅವರದು ಒಳ್ಳೆಯ ಮನಸ್ಸೇ. ಆದರೆ ಶ್ರೀಕಾರದ ಕೆಳಗೆ 'ಬೇಡ' ಎಂದು ಬರೆಯಲು ಯಾರಿಗೆ ಕೈ ಬರುತ್ತದೆ ಹೇಳಿ? ತಿಂಗಳಿಡೀ ಸುಮನಾ ಒಳ್ಳೊಳ್ಳೆಯದನ್ನೇ ಬರೆದಳು. ಇವತ್ತು ಹೋಳಿಗೆ ಚೆನ್ನಾಗಿತ್ತು. ಗಾಜನೂರು ಅಣೆಕಟ್ಟಿಗೆ ಹೋಗಿದ್ದೆವು, ನೀರು ತುಂಬಿತ್ತು. ತಿರುಗಿ ಓದಿದರೆ ಅವಳಿಗೇ ಮೈ ಉರಿಯುತ್ತಿತ್ತು.

ಇದನ್ನು ಕೇಳಿ ಗೆಳತಿ ರಶ್ಮಿ ದಪ್ಪ ಹಾಳೆಯ, ಬಟ್ಟೆ ರಟ್ಟಿನ ಪುಸ್ತಕ ಕೊಟ್ಟಳು. "ಬರೆದು ಗ್ರೂಪಿಗೆ ಫೋಟೋ ಹಾಕು ಮಾರಾಯ್ತಿ, ಎಲ್ರೂ ಹಾಕ್ತಾರೆ." ಸುಮನಾ ಅದರಲ್ಲಿ ಬಳ್ಳಿ ಬಿಡಿಸಿದಳು, ಹೂವು ಬಿಡಿಸಿದಳು. ಆ ಸಾಲು ಬರಲಿಲ್ಲ.

ಭಾನುವಾರ ತಡೆಯಲಾರದೆ ಭದ್ರಾವತಿಗೆ, ಅಪ್ಪನ ಮನೆಗೆ ಹೋದಳು. ಪರಮೇಶ್ವರಪ್ಪ ಕಾಗದದ ಮಿಲ್ಲಿನಲ್ಲಿ ದುಡಿದವರು. ಮಿಲ್ಲು ನಿಂತಿತು, ಅವರ ಚಾಳಿ ನಿಲ್ಲಲಿಲ್ಲ. ಮದುವೆಯ ಕಾಗದ ಬಂದರೂ ಮೊದಲು ಬೆರಳಲ್ಲಿ ಉಜ್ಜಿ, ಬೆಳಕಿಗೆ ಹಿಡಿದು, ಆಮೇಲೆ ಮದುವೆ ಯಾರದೆಂದು ನೋಡುವವರು. ಮಗಳ ಡೈರಿಯ ಸುದ್ದಿ ಕೇಳಿದವರೇ ಅಟ್ಟದಿಂದ ಹಳೆಯ ಹಾಳೆಯ ಕಟ್ಟು ಇಳಿಸಿದರು.

"ನಮ್ಮ ಮಿಲ್ಲಿಂದು. ಇಂಕು ಹರಡ್ತದಾ ನೋಡಣ, ಏನಾದ್ರೂ ಬರಿ."

ಚಿಕ್ಕಂದಿನಿಂದಲೂ ಅಪ್ಪ ಹೀಗೆ ಹಾಳೆ ಚಾಚಿದರೆ ತಲೆಗೆ ಬಂದದ್ದನ್ನು ಗೀಚಿ ಕೊಡುವುದು ಅವಳಿಗೆ ರೂಢಿ. ತಲೆಯಲ್ಲಿದ್ದದ್ದು ಒಂದೇ ಸಾಲು, ಗೀಚಿದಳು, ಕೊಟ್ಟಳು. ಕೊಟ್ಟ ಮೇಲೆ ವಾಪಸ್ ಕಸಿದುಕೊಳ್ಳಲು ಕೈ ಚಾಚಿದಳು, ತಡವಾಗಿತ್ತು.

ಅಪ್ಪ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದರು. "ಹರಡಿಲ್ಲ ನೋಡು," ಎಂದು ಹೆಮ್ಮೆಪಟ್ಟರು. ಆಮೇಲೆ ಕನ್ನಡಕ ಸರಿಮಾಡಿಕೊಂಡು ಓದಿದರು.

"ಅಳಿಯಂದ್ರಿಗೆ ಹೇಳಿದೀಯೇನಮ್ಮ?"

"ಇಲ್ಲಪ್ಪ. ಹೆದರಿಕೆ."

"ಹೆರೋಳು ನೀನು ತಾನೇ? ಹೇಳು."

ಅವಳಿಗೆ ಅಳುವೂ ಬಂತು, ಇಷ್ಟು ದಿನ ಬಳ್ಳಿ ಬಿಡಿಸುತ್ತ ಕೂತದ್ದಕ್ಕೆ ತನ್ನ ಮೇಲೆಯೇ ಸಿಟ್ಟೂ ಬಂತು. ಅದೇ ಸಿಟ್ಟಿನಲ್ಲಿ ಗಂಡನಿಗೆ ಫೋನ್ ಮಾಡಿ, ಒಂದು ಸಾಲು ಬರೆದಿದ್ದೇನೆ ಎಂದಳು.

"ಏನು, ಅಲ್ಲೂ ಡೈರಿನಾ?" ಎಂದು ವಿಜಯೇಂದ್ರ ನಕ್ಕ.

"ಹೌದು. ಓದ್ತೀನಿ, ನಗಬೇಡ್ರಿ." ಅಪ್ಪನ ಕೈಯಿಂದ ಹಾಳೆ ತೆಗೆದುಕೊಂಡು ಓದಿದಳು.

ಆ ಕಡೆ ನಗು ನಿಂತಿತು. "ಇನ್ನೊಂದ್ಸಲ ಓದು," ಎಂದ.

ಸುಮನಾ ಹಾಳೆ ಕೆಳಗಿಟ್ಟಳು. ಈ ಸಲ ಓದಲಿಲ್ಲ, ಹೇಳಿದಳು.