ಭಾನುವಾರ ಕಿತ್ತ ದ್ರಾಕ್ಷಿ

ನಮ್ಮ ರಾಯದುರ್ಗದ ಮದ್ಯದಂಗಡಿಗಳ ಬೋರ್ಡಿನ ಮೇಲೆ ದೊಡ್ಡದಾಗಿ ‘ವೈನ್ಸ್’ ಎಂದು ಬರೆದಿರುತ್ತಿತ್ತು. ಒಳಗೆ ಹೋಗಿ ವೈನ್ ಕೇಳಿದರೆ ಅಂಗಡಿಯವನು ನಮ್ಮ ಮುಖವನ್ನು ಎರಡೆರಡು ಸಲ ನೋಡುತ್ತಿದ್ದ. ಬ್ರಾಂದಿ, ವಿಸ್ಕಿಗಳ ಸಾಲು ದಾಟಿ, ಕೆಳಗಿನ ಮೂಲೆಯಿಂದ ಧೂಳು ಹಿಡಿದ ಬಾಟಲಿಯೊಂದನ್ನು ತೆಗೆದು ಅಂಗಿಯ ಚುಂಗಿನಿಂದ ಒರೆಸಿ ಕೊಡುತ್ತಿದ್ದ. “ಮನ್ಯಾಗ ಯಾರದರೆ ಬಾಣಂತನ ಏನ್ರಿ?” ಎಂದು ಒಮ್ಮೆ ಕೇಳಿಯೂ ಇದ್ದ.

ಆ ಕಡೆ ವೈನ್ ಕೊಳ್ಳುತ್ತಿದ್ದುದು ಬಾಣಂತಿಗೆ ಕುಡಿಸಲು ಮಾತ್ರ. ನಮ್ಮ ಮನೆಯಲ್ಲಿ ಬಾಣಂತಿ ಯಾರೂ ಇರಲಿಲ್ಲ. ನಾನು ಆಗ ಒಂದು ವಾರಪತ್ರಿಕೆಗೆ ಅಗ್ಗದ ವೈನುಗಳ ಬಗ್ಗೆ ಬರೆಯುತ್ತಿದ್ದೆ. ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿ, ಸಂಶೋಧನೆಯನ್ನು ಅರ್ಧಕ್ಕೆ ಬಿಟ್ಟು, ಬೆಂಗಳೂರಿನಲ್ಲಿ ಹಿಡಿದ ಕೆಲಸಗಳನ್ನೂ ಬಿಟ್ಟು ಊರಿಗೆ ಮರಳಿದ್ದೆ. ಊರಿನ ತುಂಬ ಜೀನ್ಸ್ ಹೊಲಿಯುವ ಯಂತ್ರಗಳ ಸದ್ದು. ಒಂದು ಘಟಕದಲ್ಲಿ ನನಗೆ ಹೊಲಿದ ಪ್ಯಾಂಟುಗಳನ್ನು ಬಳ್ಳಾರಿಗೆ ತೊಳೆಯಲು ಕಳಿಸುವ, ಅಲ್ಲಿಂದ ಬಂದದ್ದನ್ನು ಬೆಂಗಳೂರಿನ ಲಾರಿಗೆ ಏರಿಸುವ ಕೆಲಸ. ಅದರ ನಡುವೆ ಈ ಅಂಕಣ. ಸಂಪಾದಕರ ಷರತ್ತು ಇಷ್ಟೇ: ಮೇಷ್ಟ್ರು, ಗುಮಾಸ್ತರು ತಿಂಗಳ ಸಂಬಳದಲ್ಲಿ ಕೊಳ್ಳಬಹುದಾದ ವೈನ್ ಆಗಿರಬೇಕು; ರಾಗಿಮುದ್ದೆ, ಜೋಳದ ರೊಟ್ಟಿ, ಕೋಳಿ ಸಾರಿನ ಜೊತೆ ಹೊಂದುತ್ತದೆಯೋ ಇಲ್ಲವೋ ಹೇಳಬೇಕು.

ಇಲ್ಲಿ ಬರೆಯುತ್ತಿರುವುದಕ್ಕೆಲ್ಲ ನೆನಪೇ ಆಧಾರ. ನನ್ನ ನೆನಪಿನ ಮೇಲೆ ನನಗೆ ಅಷ್ಟು ಭರವಸೆಯಿಲ್ಲ. ರುಚಿಯ ನೆನಪಿನ ಮೇಲಂತೂ ಇಲ್ಲವೇ ಇಲ್ಲ. ನಿನ್ನೆ ಉಂಡ ಸಾರಿನ ಹುಳಿಯನ್ನು ಇವತ್ತು ನಾಲಿಗೆಗೆ ಮರಳಿ ತಂದುಕೊಳ್ಳಲು ಯಾರಿಗೂ ಆಗದು. ಉಳಿಯುವುದು ಆ ಹುಳಿಗೆ ನಾವು ಇಟ್ಟ ಹೆಸರು ಮಾತ್ರ. ಆದರೂ ಕೆಲವನ್ನು ಹೇಳಬಲ್ಲೆ. ಕಡುಗೆಂಪಿನ ಸಿಹಿ ವೈನೊಂದಿತ್ತು, ಬೆಲ್ಲದ ಪಾಕಕ್ಕೆ ದ್ರಾಕ್ಷಿಯ ಬಣ್ಣ ಹಾಕಿದಂತೆ. ಮಿರ್ಚಿ ಬಜ್ಜಿಯ ಖಾರ ನೆತ್ತಿಗೇರಿದಾಗ ಅದರಷ್ಟು ಹಿತವಾದದ್ದು ಬೇರೆ ಇಲ್ಲ. ಬಿಳಿಯದೊಂದು ಅರೆಹಣ್ಣಾದ ಸೀಬೆಯ ವಾಸನೆಯದು, ಹುರಿದ ಕಡಲೆಕಾಯಿಗೆ ಹೇಳಿ ಮಾಡಿಸಿದ ಜೋಡಿ. ಇವುಗಳನ್ನು ಮೆಚ್ಚಲು ನನಗೆ ನಾಚಿಕೆ ಇರಲಿಲ್ಲ. ದುಬಾರಿ ಬಾಟಲಿ ಚೆನ್ನಾಗಿದ್ದರೆ ಅದರಲ್ಲಿ ಹೆಚ್ಚುಗಾರಿಕೆ ಏನಿದೆ? ಅಗ್ಗದ ಬಾಟಲಿಯೊಳಗೆ ಯಾರೋ ಇಷ್ಟು ಮುತುವರ್ಜಿ ತುಂಬಿಟ್ಟಿದ್ದಾರಲ್ಲ, ಅದು ನನಗೆ ಪ್ರತಿ ಸಲವೂ ಬೆರಗು ಹುಟ್ಟಿಸುತ್ತಿತ್ತು.

ಹೆಸರುಚೀಟಿ ನೋಡಿದರೆ ನಾಲಿಗೆ ಸುಳ್ಳು ಹೇಳುತ್ತದೆಂದು ನನ್ನ ಅನುಮಾನ. ಅದನ್ನು ನಮ್ಮ ಘಟಕದ ಕಟಿಂಗ್ ಮಾಸ್ಟರ್‌ಗೆ ಹೇಳಿದಾಗ ಆತ ಉಳಿದ ಜೀನ್ಸ್ ತುಂಡುಗಳಲ್ಲಿ ಬಾಟಲಿಗೆ ಕುತ್ತಿಗೆಯವರೆಗೆ ಬರುವ ಚೀಲಗಳನ್ನು ಹೊಲಿದುಕೊಟ್ಟ. ಒಂದಕ್ಕೆ ಕೆಂಪು ದಾರ, ಒಂದಕ್ಕೆ ಹಳದಿ, ಒಂದಕ್ಕೆ ಬಿಳಿ, ಒಂದಕ್ಕೆ ಹಸಿರು. ಯಂತ್ರಗಳು ನಿಂತ ರಜೆಯ ದಿನ ಕಟಿಂಗ್ ಟೇಬಲ್ಲಿನ ಮೇಲೆ ಅವನ್ನು ಸಾಲಾಗಿ ನಿಲ್ಲಿಸಿದರೆ, ಗಿಡ್ಡ ಪ್ಯಾಂಟು ತೊಟ್ಟ ನಾಲ್ವರು ನಿಂತಂತೆ ಕಾಣುತ್ತಿತ್ತು.

“ಸರ, ಈ ಹಳದಿ ದಾರದ್ದು ಕೆಮ್ಮಿನ ಔಷಧ ಇದ್ದಂಗ ಐತ್ರಿ” ಎನ್ನುತ್ತಿದ್ದ ಮಾಸ್ಟರ್.

“ಹಂಗಂತ ಬರೀಲೇನು?”

“ಬರೀರಿ. ಆದ್ರ ಒಳ್ಳೆ ಕೆಮ್ಮಿನ ಔಷಧ ಅಂತ ಬರೀರಿ. ಯಾಕ ಸುಮ್ನ ಅವರ ಹೊಟ್ಟಿಮ್ಯಾಲ ಹೊಡೀತೀರಿ?”

ಹೀಗೆ ನಡೆದಿದ್ದಾಗ ಮಡಕಶಿರಾ ಕಡೆಯಿಂದ ನನ್ನ ಸೋದರಮಾವನ ಫೋನು ಬಂತು. ಆಂಧ್ರದ ಗುಡಿಬಂಡೆಯ ಹತ್ತಿರ ಅವನದು ಬೋರಿನ ನೀರಿನ ಪುಟ್ಟ ತೋಟ. ರಾಗಿ, ಕಡಲೆಕಾಯಿಯ ನಡುವೆ ಒಂದು ತುಂಡು ನೆಲದಲ್ಲಿ ಕಲ್ಲುಗೂಟ ನೆಟ್ಟು, ತಂತಿ ಎಳೆದು, ನೀಲಿ ದ್ರಾಕ್ಷಿಯ ಚಪ್ಪರ ಹಬ್ಬಿಸಿದ್ದ. ಹಣ್ಣನ್ನು ಗಡಿಯಾಚೆ ಕರ್ನಾಟಕದ ಸಣ್ಣ ವೈನ್ ಕಾರ್ಖಾನೆಯೊಂದು ಒಯ್ಯುತ್ತಿತ್ತು.

“ಏನಪ್ಪಾ, ಪೇಪರ್‌ನಾಗೆ ಕುಡಿಯಾದ್ರ ಬಗ್ಗೆ ಬರೀತೀಯಂತೆ?” ಎಂದ ಮಾವ. “ನಮ್ ಹಣ್ಣಿಂದು ಒಂದು ಬಾಟ್ಲಿ ಕೊಟ್ಟೋಗವ್ರೆ ಕಂಪನಿಯವ್ರು. ನಾನಿನ್ನೂ ಮುಚ್ಚಳ ತೆಗ್ದಿಲ್ಲ. ನೀನು ಬೇರೆ ಮೂರು ತರದ್ದು ತಗಂಡು ಬಾ. ಎಲ್ಲಾನೂ ಕುಡ್ದು ನೋಡ್ತೀನಿ. ಅದ್ರಾಗೆ ನನ್ ಹಣ್ಣು ಯಾವ್ದು ಅಂತ ಗೊತ್ತಾದ್ರೆ ಸರಿ. ಇಲ್ದಿದ್ರೆ ಚಪ್ಪರ ಕಿತ್ತು ಹಿಪ್ಪುನೇರಳೆ ಇಕ್ತೀನಿ.”

ತಮಾಷೆ ಎಂದುಕೊಂಡೆ. ಹೋಗಿ ನೋಡಿದರೆ ಮನೆಯ ಹಿಂದೆ ನೆರಳಿನಲ್ಲಿ ಒದ್ದೆ ಗೋಣಿಚೀಲದ ಕೆಳಗೆ ಹಿಪ್ಪುನೇರಳೆಯ ಕಡ್ಡಿಗಳು ಕಟ್ಟುಕಟ್ಟಾಗಿ ಮಲಗಿದ್ದವು. ಹೆಚ್ಚು ದಿನ ಇಟ್ಟರೆ ಒಣಗುತ್ತವೆ. ಅವನ ಮಾತಿನಲ್ಲಿ ನ್ಯಾಯವಿತ್ತು. ಕಡಲೆಕಾಯಿ ಹಾಕಿದರೆ ಗಾಣದಲ್ಲಿ ಎಣ್ಣೆಯಾಗುವುದನ್ನು ಕಾಣುತ್ತಾನೆ. ಹಿಪ್ಪುನೇರಳೆ ಹಾಕಿದವರು ರೇಷ್ಮೆಹುಳು ಗೂಡು ಕಟ್ಟುವುದನ್ನು ಕಾಣುತ್ತಾರೆ. ದ್ರಾಕ್ಷಿ ಮಾತ್ರ ಲಾರಿ ಹತ್ತಿದ ಮೇಲೆ ಏನಾಯಿತೆಂದು ತಿಳಿಯುವುದಿಲ್ಲ. “ಮಗಳ್ನ ಕೊಟ್ಟ ಮನೇಗೆ ಒಂದ್ಸಲನಾದ್ರೂ ಹೋಗಿ ಬರಬೇಕಲ್ವಾ?” ಎಂದ.

ಆ ದಿನ ಭಾನುವಾರವೇ ಇರಬೇಕು. ಯಾಕೆಂದರೆ ಮಾವನ ಮಗಳು ಮನೆಯಲ್ಲಿದ್ದಳು. ಆ ಊರಿನ ಹೆಂಗಸರಲ್ಲಿ ಮುಕ್ಕಾಲು ಪಾಲು ಹಿಂದೂಪುರದ ಕಡೆಯ ಗಾರ್ಮೆಂಟ್ಸಿಗೆ ಹೋಗುತ್ತಿದ್ದರು. ಬೆಳಕು ಹರಿಯುವಾಗ ಕಂಪನಿಯ ಬಸ್ಸು ಬಂದು ತುಂಬಿಕೊಂಡು ಹೋದರೆ ದೀಪ ಹಚ್ಚುವ ಹೊತ್ತಿಗೆ ಇಳಿಸುತ್ತಿತ್ತು. ಊರಲ್ಲಿ ಹೆಂಗಸರ ದನಿ ಹಗಲಲ್ಲಿ ಕೇಳಿಸುತ್ತಿದ್ದುದು ಭಾನುವಾರ ಒಂದೇ ದಿನ.

ನಾಲ್ಕು ಚೀಲಗಳಲ್ಲಿ ಮೂರಕ್ಕೆ ನನ್ನ ಬಾಟಲಿಗಳನ್ನು ಇಳಿಸಿ, ಹಸಿರು ದಾರದ್ದಕ್ಕೆ ಮಾವನ ಬಾಟಲಿ ಹಾಕಿದೆ. ಎಲ್ಲವೂ ಕೆಂಪು ವೈನುಗಳೇ. ಅತ್ತೆ ಸ್ಟೀಲ್ ಲೋಟಗಳನ್ನು ತಂದಿಟ್ಟು ಸೆರಗಿನಿಂದ ಮೂಗು ಮುಚ್ಚಿಕೊಂಡರು.

“ಅಲ್ಲಾ ಕಣಪ್ಪ, ಅಷ್ಟು ವರ್ಷ ಇನ್ವರ್ಸಿಟೀಗೋಗಿ ಇದ್ನೇನಾ ಕಲ್ತು ಬಂದಿದ್ದು?”

“ಬಾವ ಇದ್ರಾಗೆ ಫಸ್ಟ್ ಕ್ಲಾಸು ಕಣಮ್ಮ” ಎಂದಳು ಮಾವನ ಮಗಳು. “ಬೇರೆ ಎಲ್ಲದ್ರಾಗೂ ಅರ್ಧಕ್ಕೇ ಬಿಟ್ಟೈತೆ.”

ಮಾವ ಲೋಟ ಎತ್ತಿದ. ಅವನು ಕುಡಿದ ರೀತಿ ನನಗೆ ಇನ್ನೂ ಕಣ್ಣಿಗೆ ಕಟ್ಟಿದೆ. ಇದನ್ನಾದರೂ ನಾನು ನಂಬುತ್ತೇನೆ. ನಮ್ಮ ಕಡೆ ಹೊಸ ಬೋರು ಕೊರೆದು ನೀರು ಬಿದ್ದಾಗ, ನೆರೆದವರೆಲ್ಲ ಬೊಗಸೆಯಲ್ಲಿ ಹಿಡಿದು ರುಚಿ ನೋಡುವುದು ವಾಡಿಕೆ. ಕೆಸರು ತಿಳಿಯಾಗುವ ತನಕ ಕಾಯುತ್ತಾರೆ. ಒಂದು ಗುಟುಕು ಬಾಯಲ್ಲಿ ತುಂಬಿಕೊಂಡು, ಕೆನ್ನೆಯಿಂದ ಕೆನ್ನೆಗೆ ಹೊರಳಿಸಿ, ಉಗುಳಿ, ಸ್ವಲ್ಪ ಹೊತ್ತು ಸುಮ್ಮನಿದ್ದು, ಆಮೇಲೆ ಸಿಹಿಯೋ ಸಪ್ಪೆಯೋ ಸವುಳೋ ಹೇಳುತ್ತಾರೆ. ಅವಸರದಲ್ಲಿ ಹೇಳಿದವನ ಮಾತಿಗೆ ಬೆಲೆಯಿಲ್ಲ. ಮಾವ ವೈನನ್ನೂ ಹಾಗೆಯೇ ನೋಡಿದ. ಬಾಯಲ್ಲಿ ಹೊರಳಿಸಿದ, ಅಂಗಳದ ಅಂಚಿಗೆ ಹೋಗಿ ಉಗುಳಿದ, ದೂರ ನೋಡುತ್ತಾ ನಿಂತ. ಎರಡನೆಯ ಗುಟುಕನ್ನು ನುಂಗಿದ. ನಾಲ್ಕು ಲೋಟಕ್ಕೂ ಅಷ್ಟೇ ನಿಧಾನ.

“ಬಿಳೀ ದಾರದ್ದು ನಂದು” ಎಂದ ಕೊನೆಗೆ. “ನೇರಳೆಹಣ್ಣು ತಿಂದಂಗೈತೆ. ನುಂಗಿದ ಮೇಲೂ ಗಂಟಲಾಗೆ ನಿಂತೈತೆ. ಇದು ನನ್ ತೋಟದ್ದೇ, ಬಿಡು.”

ಬಿಳಿ ದಾರದ್ದು ಮಹಾರಾಷ್ಟ್ರದ್ದು. ನನ್ನ ಅಂಕಣದಲ್ಲಿ ಆ ವರ್ಷ ಅತಿ ಹೆಚ್ಚು ಹೊಗಳಿಸಿಕೊಂಡ ಅಗ್ಗದ ಬಾಟಲಿ. ಸುಳ್ಳು ಹೇಳಬಹುದಿತ್ತು, ಚಪ್ಪರ ಉಳಿಯುತ್ತಿತ್ತು. ಆದರೆ ಅತ್ತೆ ಆಗಲೇ ಚೀಲಗಳನ್ನು ಎಳೆದು ಹೆಸರುಚೀಟಿ ನೋಡಲು ಶುರು ಮಾಡಿದ್ದರು.

“ಇದಲ್ಲ ಮಾವ. ಹಸಿರು ದಾರದ್ದು ನಿಂದು” ಎಂದೆ.

ಮಾವ ಬಾಟಲಿಯತ್ತ ಕೈ ಚಾಚಿದ. ಹಸಿರು ದಾರದ್ದನ್ನು ಇನ್ನೊಮ್ಮೆ ಸುರಿದುಕೊಂಡ. ನಾನೂ ಕುಡಿದೆ. ಕೆಟ್ಟದ್ದೇನಲ್ಲ. ಬಣ್ಣ ಚೆಂದ, ಹೊಸ ಜೀನ್ಸಿನಷ್ಟೇ ಗಾಢ. ಆದರೆ ನಾಲಿಗೆಯ ಅಂಚಿಗೆ ತಾಗಿದ ಕೂಡಲೇ ಎಳೆ ಹುಣಸೆಯ ಹುಳಿ, ಹಿಂದೆಯೇ ಹಸಿ ಕಡ್ಡಿಯ ಒಗರು.

“ಹುಳಿ” ಎಂದ ಮಾವ. ಎದ್ದು ಹಿತ್ತಲಿಗೆ ಹೋದ; ಗೋಣಿಚೀಲದ ಮೇಲೆ ನೀರು ಚಿಮುಕಿಸುವ ಸದ್ದು ಕೇಳಿಸಿತು. ಆ ಚಪ್ಪರದ ಕೆಳಗೆ ನಾನು ಬಾಲ್ಯದಲ್ಲಿ ಮಲಗುತ್ತಿದ್ದೆ ಎಂದು ಹೇಳಬೇಕೆನಿಸಿತು; ಲೆಕ್ಕ ಹಾಕಿದರೆ ನನ್ನ ಬಾಲ್ಯದಲ್ಲಿ ಅಲ್ಲಿ ಬರೀ ಹುರುಳಿಯ ಹೊಲವಿತ್ತು.

ಮಾವನ ಮಗಳು ಹಸಿರು ದಾರದ ಲೋಟಕ್ಕೆ ಬೆರಳದ್ದಿ ನೆಕ್ಕಿದಳು. ಮುಖ ಕಿವುಚಿ, ಆಮೇಲೆ ಜೋರಾಗಿ ನಕ್ಕಳು.

“ಅಪ್ಪಾ, ಇಲ್ಲಿ ಬಾ! ಇದು ಆ ಭಾನುವಾರ ಕಿತ್ತಿದ್ದಲ್ವಾ? ನಾವು ಕೀಳ್ತಾ ಕೀಳ್ತಾ ತಿಂದು, ಮಾರನೇ ದಿನ ಬುತ್ತಿ ಅಗಿಯಾಕೆ ಆಗ್ದೆ ಗಾರ್ಮೆಂಟ್ಸ್ ಲೈನ್‌ನಾಗೆ ಎಲ್ರಿಗೂ ಹಲ್ಲು ಜುಮ್ಮಂತಿತ್ತು. ಸೂಪರ್‌ವೈಸರ್ ಬಂದು, ಏನ್ರೇ ಎಲ್ರೂ ಕೆನ್ನೆ ಹಿಡ್ಕಂಡು ಕುಂತಿದೀರಾ ಅಂದ.”

ಆಗ ಎಲ್ಲವೂ ಬಿಡಿಸಿಕೊಂಡಿತು. ನೀಲಿ ದ್ರಾಕ್ಷಿಗೆ ಬಣ್ಣ ಮೊದಲು ಬರುತ್ತದೆ, ಸಿಹಿ ಆಮೇಲೆ. ಕೀಳಲು ಹೆಂಗಸರು ಸಿಗುವುದು ಭಾನುವಾರ ಮಾತ್ರ. ಹಾಗಾಗಿ ಹಣ್ಣು ಯಾವಾಗ ಪಕ್ವವಾಗುತ್ತದೆ ಎನ್ನುವುದನ್ನು ಆ ಊರಿನಲ್ಲಿ ಗಾರ್ಮೆಂಟ್ಸಿನ ವಾರದ ರಜೆ ತೀರ್ಮಾನಿಸುತ್ತಿತ್ತು. ಬುಧವಾರ ಹಣ್ಣಾಗುವುದನ್ನು ಮುಂದಿನ ಭಾನುವಾರಕ್ಕೆ ಬಿಟ್ಟರೆ ಬೇಸಿಗೆಯ ಮಳೆ ಬಿದ್ದು ಹಣ್ಣು ಒಡೆದೀತೆಂಬ ಭಯಕ್ಕೆ ಹಿಂದಿನ ಭಾನುವಾರವೇ ಕೀಳಿಸುವುದು. ಅಕ್ಕಪಕ್ಕದ ತೋಟದವರೂ ಹಾಗೇ ಮಾಡುತ್ತಿದ್ದರು. ಅದು ತಪ್ಪೆಂದು ಯಾರಿಗೂ ಅನಿಸಿರಲಿಲ್ಲ, ಏಕೆಂದರೆ ಯಾರೂ ಬಾಟಲಿ ತೆರೆದಿರಲಿಲ್ಲ.

ಮಾವ ಕೈ ಒರೆಸಿಕೊಳ್ಳುತ್ತಾ ಬಂದು ನಿಂತ. “ಅಂಗಾದ್ರೆ ಹುಳಿ ಹಣ್ಣಿಂದಲ್ಲ, ನಂದೇ ಅನ್ನು.”

“ನಮ್ ಬಸ್ಸಿಂದು” ಎಂದಳು ಮಗಳು. “ಈ ಸಲ ಒಂದ್ ವಾರ ತಡಿ. ನಾನು ಬಸ್ನಾಗೆ ಎಲ್ರಿಗೂ ಹೇಳ್ತೀನಿ. ಒಂದ್ ವಾರ ಲೇಟಾದ್ರೂ ಬತ್ತಾರೆ.”

“ಮಳೆ ಬಂದ್ರೆ?”

“ಬಂದ್ರೆ ಆಮೇಲೆ ಹಿಪ್ಪುನೇರಳೆ ಇಕ್ಕು. ಕಡ್ಡಿ ನಾನೇ ತಂದುಕೊಡ್ತೀನಿ.”

ಒದ್ದೆ ಗೋಣಿಯ ಕೆಳಗಿನ ಕಡ್ಡಿಗಳನ್ನು ಮಾವ ಆ ಸಂಜೆಯೇ ರಾಗಿ ಹೊಲದ ಬದುವಿನ ಮೇಲೆ ಊರಿದ. ಚಪ್ಪರ ಉಳಿಯಿತು, ಒಂದು ಫಸಲಿನ ಮಟ್ಟಿಗೆ.

ಮುಂದಿನ ಬೇಸಿಗೆಯಲ್ಲಿ ಕೀಳಬೇಕಿದ್ದ ಭಾನುವಾರ ದಾಟಿದ ಮೇಲೆ ಮಾವ ದಿನಾ ಫೋನು ಮಾಡುತ್ತಿದ್ದ. ಮಾತೆಲ್ಲ ಮೋಡದ್ದೇ. ನಡುವೆ ಒಂದು ಸಂಜೆ ನಾಲ್ಕು ಹನಿ ಬಿದ್ದು ನಿಂತಿತಂತೆ. ಅತ್ತೆ ಹೇಳುವ ಪ್ರಕಾರ ಮಾವ ಚಪ್ಪರದ ಕೆಳಗೆ ಕೊಡೆ ಹಿಡಿದುಕೊಂಡು ನಿಂತಿದ್ದ. ಒಂದು ಕೊಡೆಯಿಂದ ಎಷ್ಟು ಬಳ್ಳಿಗೆ ಮರೆಯಾದೀತು? ಆ ಭಾನುವಾರ ಬಸ್ಸಿನ ಹೆಂಗಸರೆಲ್ಲ ಕಂಪನಿಯ ತಲೆಬಟ್ಟೆ ಕಟ್ಟಿಕೊಂಡೇ ಬಂದು ಕಿತ್ತರು.

ಆ ಹಣ್ಣಿನ ಬಾಟಲಿ ಬಂದಾಗ ಮತ್ತೆ ಚೀಲಗಳನ್ನು ಹಿಡಿದು ಹೋದೆ. ಈ ಸಲ ನಾನೂ ಕುರುಡನಾಗಬೇಕೆಂದು, ಬಾಟಲಿಗಳನ್ನು ಚೀಲಕ್ಕೆ ಇಳಿಸುವ ಕೆಲಸ ಮಾವನ ಮಗಳಿಗೆ ಬಿಟ್ಟೆ. ಮಾವ ಹಾಗೆಯೇ ಹೊರಳಿಸಿದ, ಉಗುಳಿದ, ದೂರ ನೋಡಿದ. “ಕೆಂಪು ದಾರ” ಎಂದ. ನಾನೂ ಕೆಂಪು ದಾರದ್ದನ್ನೇ ಆರಿಸಿದ್ದೆ. ನೇರಳೆ, ಕಾಳುಮೆಣಸು, ಕೊನೆಯಲ್ಲಿ ಬಾಯಿ ಚೊಕ್ಕವಾಗಿಸುವಷ್ಟೇ ಹುಳಿ. ದಿನದ ಊಟಕ್ಕೆ ಇದಕ್ಕಿಂತ ಒಳ್ಳೆಯ ವೈನನ್ನು ಆ ಬೆಲೆಗೆ ನಾನು ಕುಡಿದಿಲ್ಲವೆಂದು ಪತ್ರಿಕೆಯಲ್ಲಿ ಬರೆದೆ.

ಚೀಲ ಎಳೆದಾಗ ಅದು ಮಾವನದೇ ಆಗಿತ್ತು. ಮಗಳು ಕಣ್ಣಸನ್ನೆ ಮಾಡಿದ್ದಳೇ? ನಾನು ಆರಿಸುವ ಮೊದಲು ಮಾವನ ಮುಖ ನೋಡಿದ್ದೆನೇ? ಈಗ ಖಚಿತವಾಗಿ ಹೇಳಲಾರೆ. ಕೇಳಿದರೆ ಅವಳು, “ಬಾವ ದೇವರೇ ಬಂದ್ರೂ ಗುರುತಿನ ಚೀಟಿ ಕೇಳ್ತೈತೆ” ಎನ್ನುತ್ತಾಳೆ.

ಆದರೆ ಅತ್ತೆಗೆ ಯಾರೂ ಸನ್ನೆ ಮಾಡಿರಲಿಲ್ಲ. ಹಿಂದಿನ ಸಲ ಮೂಗು ಮುಚ್ಚಿಕೊಂಡಿದ್ದವರು, ನಾವು ಮೂವರೂ ಚಪ್ಪರದ ಕಡೆ ಹೊರಟ ಮೇಲೆ ಕೆಂಪು ದಾರದ ಲೋಟದಲ್ಲಿ ಉಳಿದಿದ್ದನ್ನು ಬಾಯಿಗೆ ಹಾಕಿಕೊಂಡದ್ದನ್ನು ನಾನು ತಿರುಗಿ ನೋಡಿದೆ. ಸಿಕ್ಕಿಬಿದ್ದೆನೆಂದು ಅವರು ನಾಚಲಿಲ್ಲ. ಬಾಯಿ ಒರೆಸಿಕೊಂಡು, ಮಾವನಿಗೆ ಕೇಳುವಷ್ಟು ಜೋರಾಗಿ ಅಂದರು:

“ಹುಳಿ ಹೋಗೈತೆ. ಇನ್ನ ಚಪ್ಪರ ಕೀಳಬ್ಯಾಡ, ಇರ್ಲಿ.”