ಮಲೀಕಸಾಬರ ಎಲೆಬುಟ್ಟಿಯಲ್ಲಿ ಕ್ಯೂಬಾದ ಸಿಗಾರ್

ಮಸ್ಕಿ ಬಸ್ ನಿಲ್ದಾಣದ ಎದುರಿಗಿರುವ ಮಲೀಕಸಾಬರ ಪಾನ್ ಅಂಗಡಿಗೆ ಫಲಕವಿಲ್ಲ. ಅದರ ಅಗತ್ಯ ಯಾರಿಗೂ ಬಿದ್ದಿಲ್ಲ. ಲಿಂಗಸುಗೂರಿನ ಕಾಲೇಜಿಗೆ ಹೋಗುವ ನಾವು ಭಾರದ ಚೀಲಗಳನ್ನು ಅಲ್ಲಿಟ್ಟು ಬಸ್ಸು ಹತ್ತುತ್ತೇವೆ, ಸಂಜೆ ಬಂದು ತೆಗೆದುಕೊಳ್ಳುತ್ತೇವೆ. ಬಳಗಾನೂರಿನಿಂದ ಬರುವ ಅಂಗನವಾಡಿಯ ಹೊನ್ನೂರಮ್ಮ ಮನೆಯ ಬೀಗದ ಕೈಯನ್ನೂ ಪಡಿತರ ಚೀಟಿಯನ್ನೂ ವರ್ಷಗಳಿಂದ ಅಲ್ಲೇ ಬಿಟ್ಟಿದ್ದರು. ಯಾರದೋ ಕೋರ್ಟಿನ ಕಾಗದ, ಯಾರದೋ ಮದುವೆಯ ಸೀರೆ, ಇನ್ನಾರದೋ ಕಣ್ಣಿನ ಹನಿ ಔಷಧಿ. ಮಲೀಕಸಾಬರು ಇವೆಲ್ಲವನ್ನೂ 'ಅಮಾನತ್' ಎಂದು ಕರೆಯುತ್ತಾರೆ. ಅಂದರೆ ನಂಬಿ ಬಿಟ್ಟದ್ದು. ಒಳಗೇನಿದೆ ಎಂದು ಕೇಳುವ ಹಕ್ಕು ಇಟ್ಟುಕೊಂಡವನಿಗಿಲ್ಲ ಎನ್ನುವುದು ಅವರ ಮಾತು.

ಅರವತ್ತು ದಾಟಿದ, ಕಡ್ಡಿಯಂಥ ಮನುಷ್ಯ. ನಲವತ್ತು ವರ್ಷಗಳಿಂದ ವೀಳ್ಯದೆಲೆಯನ್ನು ಮುಟ್ಟಿ ಮುಟ್ಟಿ ಅವರ ಬೆರಳ ತುದಿಗಳು ತಣ್ಣಗೆ, ಸುಕ್ಕಾಗಿ, ತೊಳೆದಂತೆ ಇರುತ್ತವೆ. ಏಪ್ರಿಲ್ ತಿಂಗಳ ನಮ್ಮ ಬಿಸಿಲಲ್ಲಿ ಎಲೆಯನ್ನು ಹಸಿರಾಗಿ ಉಳಿಸುವುದೆಂದರೆ ಕೂಸನ್ನು ನೋಡಿಕೊಂಡಂತೆ. ಬುಟ್ಟಿಯ ಮೇಲೆ ಒದ್ದೆ ಗೋಣಿ ಹೊದಿಸಬೇಕು, ಅದು ಆರುವ ಮೊದಲೇ ನೀರು ಚಿಮುಕಿಸಬೇಕು, ದಿನಕ್ಕೆರಡು ಸಲ ಕಟ್ಟುಗಳನ್ನು ಮಗುಚಿ ಕೆಳಗಿನದನ್ನು ಮೇಲಕ್ಕೆ ತರಬೇಕು. ಅವರೆಂದೂ ಬೀಡಿ ಸೇದಿದವರಲ್ಲ. ಆದರೆ ಯಾವ ಎಲೆಯಾದರೂ ಕೈಗೆ ಬಂದರೆ ಅದರ ನರವನ್ನೊಮ್ಮೆ ಸವರದೆ ಬಿಡುವುದಿಲ್ಲ.

ಶಿವರಾತ್ರಿ ಕಳೆದ ವಾರ ಅಮರಗುಂಡಪ್ಪನವರು ಕಾರು ನಿಲ್ಲಿಸಿ ಒಂದು ಮರದ ಪೆಟ್ಟಿಗೆ ತಂದರು. ಸಿಂಧನೂರಿನಲ್ಲಿ ಅವರದು ಬೀಜ, ಔಷಧಿಗಳ ದೊಡ್ಡ ಅಂಗಡಿ. ಲಿಂಗಸುಗೂರಿನಲ್ಲಿ ಇನ್ನೊಂದು ತೆರೆದ ಮೇಲೆ ಪ್ರತಿ ಗುರುವಾರ ಮಸ್ಕಿಯ ಮೇಲೆಯೇ ಹೋಗಿಬರುತ್ತಿದ್ದರು. ಅವರ ತಾಯಿ ಸಂಗಮ್ಮನವರು ಮೂರು ಹೊತ್ತು ಲಿಂಗಪೂಜೆ ಮಾಡುವವರು. ಅಡಿಕೆ ಚೂರಿನ ಜೊತೆ ತಂಬಾಕು ತಿಂದು ಬಂದ ನೆಂಟನನ್ನೂ ಪಡಸಾಲೆಯಿಂದಾಚೆಗೆ ಬಿಟ್ಟುಕೊಂಡವರಲ್ಲ.

"ಮಸ್ಕತ್‌ನಾಗಿನ ಹೆಂಡ್ತಿ ತಮ್ಮ ಕಳಿಸ್ಯಾನ. ಕ್ಯೂಬಾ ದೇಶದ ಸಿಗಾರ್. ಮನ್ಯಾಗ ಇಟ್ರ ಅವ್ವ ಉಣ್ಣಾದು ಬಿಡ್ತಾಳ. ಇಲ್ಲೇ ಇಟ್ಕೊ," ಎಂದು ಅವರು ಮುಚ್ಚಳ ತೆಗೆದರು.

ಮಲೀಕಸಾಬರು ಬಗ್ಗಿ ನೋಡಿದರು. ಆಂಧ್ರದಿಂದ ಬಂದು ನೆಲೆಸಿದ ರೈತರ ಕ್ಯಾಂಪುಗಳಲ್ಲಿ ಹಿರಿಯರು ಸೇದುವ ಚುಟ್ಟಾ ಅವರಿಗೆ ಗೊತ್ತು. ಗಿಡ್ಡ, ಒರಟು, ಒಂದೊಂದು ಒಂದೊಂದು ಆಕಾರ. ಇವು ಹಾಗಿರಲಿಲ್ಲ. ಗೇಣುದ್ದ, ಕಿರುಬೆರಳಿನಷ್ಟೇ ದಪ್ಪ, ಮಳೆ ನಿಂತ ಮೇಲಿನ ಎರೆಮಣ್ಣಿನ ಬಣ್ಣ. ಮೇಲೆ ಸುತ್ತಿದ ಎಲೆಗೆ ಹೊಲಿಗೆಯಿಲ್ಲ, ಅಂಚೆಲ್ಲಿದೆ ಎಂದು ಹುಡುಕಬೇಕು. ತುದಿಯಲ್ಲಿ ಅದೇ ಎಲೆಯನ್ನು ತಿರುವಿ ಸಣ್ಣ ಜುಟ್ಟು ಬಿಟ್ಟಿದ್ದರು. ಪ್ರತಿಯೊಂದಕ್ಕೂ ಉಂಗುರದಂಥ ಬಣ್ಣದ ಕಾಗದ.

"ಹೆಣ್ಮಕ್ಕಳ ಬೆರಳ ಇದ್ದಂಗ ಅದಾವ್ರೀ," ಎಂದರು.

"ದಪ್ಪನ್ವು ಬರೇ ತೋರ್ಸಾಕ. ಇದು ತೆಳ್ಳಗ ಐತಲ್ಲ, ಮ್ಯಾಲಿನ ಎಲಿ ರುಚಿನ ಬಾಯಿಗೆ ಬರ್ತದ. ಗಡಿಬಿಡಿ ಮಾಡಿ ಎಳದ್ಯೋ, ಕಾದು ಕಹಿ ಆಗ್ತದ. ಇದು ನಮ್ಮ ಮಾತ ಕೇಳಂಗಿಲ್ಲ, ನಾವ ಇದರ ಮಾತ ಕೇಳಬೇಕು."

ಅಂದಿನಿಂದ ಗುರುವಾರದ ಸಂಜೆ ಅಂಗಡಿಯ ಹಿಂದಿನ ಬೇವಿನ ಕೆಳಗೆ ಒಂದು ಕುರ್ಚಿ ಬೀಳುತ್ತಿತ್ತು. ದಿನವಿಡೀ ಫೋನಿನಲ್ಲಿ ಕೂಗಾಡುವ ಅಮರಗುಂಡಪ್ಪನವರು ಆ ಒಂದು ಗಂಟೆ ಫೋನು ಆರಿಸಿ ಗುಡ್ಡದ ಕಡೆ ಮುಖ ಮಾಡಿ ಕೂರುತ್ತಿದ್ದರು. ಹೊಗೆ ಅವಸರವಿಲ್ಲದೆ ಏರುತ್ತಿತ್ತು. ಜೇನು, ಸುಟ್ಟ ಕಟ್ಟಿಗೆ, ಹಳೆಯ ಪುಸ್ತಕ ಎಲ್ಲ ಕೂಡಿದಂಥ ವಾಸನೆ. ಬೂದಿ ಎರಡು ಬೆರಳುದ್ದ ಬೆಳೆದರೂ ಮುರಿದು ಬೀಳುತ್ತಿರಲಿಲ್ಲ. ಬಸ್ಸಿಗೆ ಕಾದವರು ಕತ್ತು ಚಾಚಿ ನೋಡುತ್ತಿದ್ದರು. ಗಾಂಜಾ ಇರಬಹುದು ಎಂದು ಕೆಲವರು ಪಿಸುಗುಟ್ಟಿದರು.

ಮಲೀಕಸಾಬರ ಹೆಂಡತಿ ಮೆಹರಬಾನು ಮಾತ್ರ ಗಟ್ಟಿಯಾಗಿಯೇ ಕೇಳಿದರು. "ಸಾವ್ಕಾರ್ರ ಮನ್ಯಾಗ ಇಡಾಕ ಬರಲಾರದ್ದು ನಮ್ಮ ಅಂಗಡ್ಯಾಗ ಯಾಕ ಇರಬೇಕು? ನನಗ್ಯಾಕೋ ಸರಿ ಕಾಣವಲ್ದು."

"ಅಮಾನತ್ ಐತಿ ಅದು."

"ಅಮಾನತ್ ಅಂದ್ರ ಬೀಗದ ಕೈ ಇಟ್ಟಂಗಲ್ಲ. ಸೇದಿದ್ರ ಸವೀತದ, ಸವದ್ರ ಲೆಕ್ಕ ಬರ್ತದ. ನೋಡ್ಕೊಂತ ಇರು."

ಏಪ್ರಿಲಿನಲ್ಲಿ ಅಮರಗುಂಡಪ್ಪನವರು ನೆಂಟರ ಮದುವೆಗೆಂದು ಎರಡು ಗುರುವಾರ ಬರಲಿಲ್ಲ. ಬಿಸಿಲು ಏರಿತ್ತು. ಒಂದು ಮಧ್ಯಾಹ್ನ ಮಲೀಕಸಾಬರು ಪೆಟ್ಟಿಗೆ ತೆರೆದು ಒಂದನ್ನು ಬೆರಳಲ್ಲಿ ಮೆಲ್ಲಗೆ ಒತ್ತಿದರು. ಮೇಲಿನ ಎಲೆ ಚಿರ್ ಎಂದು ಸಣ್ಣಗೆ ಸದ್ದು ಮಾಡಿತು. ಒಣಗುತ್ತಿರುವ ಎಲೆಯ ಸದ್ದು ಅವರಿಗೆ ಗೊತ್ತಿಲ್ಲದ್ದಲ್ಲ. ಇಟ್ಟುಕೊಳ್ಳುವುದೆಂದರೆ ಇಟ್ಟಂತೆಯೇ ಉಳಿಸುವುದೂ ಅಲ್ಲವೇ? ಪೆಟ್ಟಿಗೆಯನ್ನು ಅವರು ಎಲೆಬುಟ್ಟಿಯೊಳಗೆ, ಒದ್ದೆ ಗೋಣಿಯ ಕೆಳಗೆ ಇಟ್ಟರು. ದಿನಕ್ಕೆರಡು ಸಲ ಎಲೆ ಮಗುಚುವಾಗ ಇವನ್ನೂ ಮಗುಚಿದರು. ಕೆಳಗಿನ ಸಾಲು ಮೇಲಕ್ಕೆ, ಮೇಲಿನದು ಕೆಳಕ್ಕೆ, ಪ್ರತಿಯೊಂದನ್ನೂ ಮಗ್ಗುಲು ಬದಲಿಸಿ.

ಮದುವೆ ಮುಗಿಸಿ ಬಂದ ಗುರುವಾರ ಅಮರಗುಂಡಪ್ಪನವರು ಪೆಟ್ಟಿಗೆ ತೆರೆದವರು ಕುರ್ಚಿಗೆ ಹೋಗಲಿಲ್ಲ, ಗಲ್ಲಾಪೆಟ್ಟಿಗೆಯ ಮುಂದೆಯೇ ನಿಂತರು.

"ಇದನ್ನ ಯಾರ ಮುಟ್ಯಾರ?"

"ನಾನ ರೀ."

"ಈ ಉಂಗುರ ಎಲ್ಲಾ ಮ್ಯಾಲ ಮುಖ ಮಾಡಿ ಸಾಲಾಗಿ ಇಟ್ಟಿದ್ದೆ ನಾನು. ಗುರ್ತಿಗಂತನ ಇಟ್ಟಿದ್ದೆ. ಈಗ ನೋಡಿದ್ರ ಒಂದ ಅತ್ತಾಗ, ಒಂದ ಇತ್ತಾಗ."

"ಮಗ್ಗಲಾ ಬದಲಿಸಿದ್ನಿರೀ. ಒಂದ ಮಗ್ಗಲಾಗ ಮಲಗಿದ್ರ ಎಲಿ ಕೊಳೀತಾವ."

"ಇದು ಎಲಿ ಅಲ್ಲೋ ಮಾರಾಯ!"

"ಎಲಿ ಅಲ್ದ ಮತ್ತೇನ್ರೀ?"

ಅಮರಗುಂಡಪ್ಪನವರು ಒಂದನ್ನು ಮೂಗಿಗೆ ಹಿಡಿದರು. ಹಳೆಯ ವಾಸನೆಯ ಅಡಿಯಲ್ಲಿ ತೆಳುವಾಗಿ ವೀಳ್ಯದೆಲೆಯ ವಾಸನೆ. ಬಣ್ಣವೂ ಒಂದು ಛಾಯೆ ಕಪ್ಪಾಗಿತ್ತು. "ನಾ ತಂದಿದ್ದು ಇಷ್ಟು ಮೆತ್ತಗ ಇರಲಿಲ್ಲ. ಇವು ನನ್ನವಲ್ಲ."

"ಎಣಿಸ್ರಿ ಸಾವ್ಕಾರ್ರ. ಹದಿನೆಂಟ ಇರಬೇಕು, ಹದಿನೆಂಟ ಅದಾವ."

"ಎಣಿಕಿ ಸರಿ ಮಾಡಾದು ದೊಡ್ಡ ಕೆಲಸೇನು? ಉಂಗುರ ಬಿಚ್ಚಿ ಕ್ಯಾಂಪಿನ ಚುಟ್ಟಾಕ ಹಾಕಿದ್ರ ಮುಗೀತು. ಉದ್ದನ್ವೂ ಸುತ್ತಿ ಕೊಡಾವ್ರು ಇದ್ದಾರ ಅಲ್ಲಿ." ಅವರ ದನಿ ಏರಿತ್ತು. ಬಸ್ಸಿಗೆ ನಿಂತವರೆಲ್ಲ ಇತ್ತ ತಿರುಗಿದರು. "ಇಲ್ಲೇ ಇರ್ಲಿ. ಮುಂದಿನ ಗುರುವಾರ ತಿಳದಾವ್ರನ್ನ ಕರಕೊಂಡ ಬರ್ತೀನಿ. ಅಲ್ಲಿ ತನಕ ಮುಟ್ಟಬ್ಯಾಡ."

ಮರುದಿನ ಬೆಳಿಗ್ಗೆ ಹೊನ್ನೂರಮ್ಮ ಬಂದು, "ಮಲೀಕಣ್ಣ, ಪಡಿತರ ಚೀಟಿ ಕೊಡು. ಏನೋ ತಿದ್ದುಪಡಿ ಐತಂತ," ಎಂದರು. ಬೀಗದ ಕೈಯನ್ನೂ ತೆಗೆದುಕೊಂಡರು. ಅದಕ್ಕೆ ತಿದ್ದುಪಡಿ ಏನಿರುತ್ತದೆ ಎಂದು ಮಲೀಕಸಾಬರು ಕೇಳಲಿಲ್ಲ. ಮಧ್ಯಾಹ್ನ ಕೋರ್ಟಿನ ಕಾಗದ ಹೋಯಿತು. ಮದುವೆಯ ಸೀರೆ ಇಟ್ಟವರು ಅದನ್ನು ಅಲ್ಲೇ ಬಿಚ್ಚಿ, ಅಂಚಿನಿಂದ ಅಂಚಿಗೆ ನೋಡಿ ಮಡಚಿಕೊಂಡು ಹೋದರು. ಆ ವಾರ ನಾನೂ ಚೀಲವನ್ನು ಹೆಗಲಿನಿಂದ ಇಳಿಸಲಿಲ್ಲ. ಚೀಲ ತೂಗುಹಾಕುವ ಗೋಡೆಯ ಮೊಳೆಗಳೆಲ್ಲ ಬರಿದಾಗಿ ನಿಂತದ್ದನ್ನು ಬಸ್ಸಿನ ಕಿಟಕಿಯಿಂದ ನೋಡಿದೆ.

ಮುಟ್ಟಬಾರದು, ಒಣಗಲೂ ಬಿಡಬಾರದು. ಮಲೀಕಸಾಬರು ಪಕ್ಕದ ಹೂವಿನ ಶಿವರಾಜನನ್ನು ಕರೆದು ನಿಲ್ಲಿಸಿಕೊಂಡು ನೀರು ಚಿಮುಕಿಸುತ್ತಿದ್ದರು. "ನೋಡ್ಕೋಪಾ. ಗೋಣಿಗೆ ನೀರ ಹೊಡ್ಯಾಕತ್ತೀನಿ. ಪೆಟ್ಟಿಗಿಗೆ ಕೈ ಹಚ್ಚಿಲ್ಲ."

"ಮಾಮಾ, ನಾನೇನ ಪೊಲೀಸನ?" ಎಂದು ಶಿವರಾಜ ನಕ್ಕ. ಮಲೀಕಸಾಬರು ನಗಲಿಲ್ಲ.

"ಪೆಟ್ಟಿಗಿ ಅವ್ರ ಮನಿ ಬಾಗಲಾಗ ಇಟ್ಟು ಬಾ," ಎಂದರು ಮೆಹರಬಾನು. "ಅವ್ರ ಅವ್ವನ ಮುಂದನ ತೆರೀ."

"ಅದು ಅವ್ರ ಗುಟ್ಟು. ಅದೂ ಅಮಾನತ್ತನ."

ಗುರುವಾರ ಅಮರಗುಂಡಪ್ಪನವರು ಒಬ್ಬರೇ ಬಂದರು. ಇಂಥದನ್ನು ತಿಳಿದವರು ಸಿಂಧನೂರಿನಲ್ಲೂ ಸಿಕ್ಕಿರಲಿಲ್ಲ, ಲಿಂಗಸುಗೂರಿನಲ್ಲೂ ಇರಲಿಲ್ಲ. ಮಲೀಕಸಾಬರು ಗಲ್ಲೆಯ ಮೇಲೆ ಹಲಗೆ ಹಾಕಿ, ಪೆಟ್ಟಿಗೆಯನ್ನೂ, ತಾವೇ ತರಿಸಿದ ಕ್ಯಾಂಪಿನ ಒಂದು ಚುಟ್ಟಾವನ್ನೂ, ಹೊಸ ಬ್ಲೇಡನ್ನೂ ಇಟ್ಟಿದ್ದರು.

"ಮೊದಲ ಚುಟ್ಟಾ ಸೀಳ್ರಿ. ಆಮ್ಯಾಲ ಇದರಾಗ ಯಾವುದರ ಮ್ಯಾಲ ಸಂಶಯ ಐತಿ, ಅದನ್ನ ತೆಗೀರಿ. ನಿಮ್ಮ ಕೈಲೇನ ಕೊಯ್ರಿ. ನಾ ಮುಟ್ಟಂಗಿಲ್ಲ."

ಚುಟ್ಟಾ ಸೀಳಿದಾಗ ಚೂರು ಚೂರು ತಂಬಾಕು ಹಲಗೆಯ ಮೇಲೆ ಉದುರಿತು. ಅಮರಗುಂಡಪ್ಪನವರು ಪೆಟ್ಟಿಗೆಯಿಂದ ಎಲ್ಲಕ್ಕಿಂತ ಕಪ್ಪಾದದ್ದನ್ನು ಆರಿಸಿ, ಜುಟ್ಟಿನಿಂದ ಬುಡದವರೆಗೆ ಬ್ಲೇಡು ಎಳೆದರು. ಏನೂ ಉದುರಲಿಲ್ಲ. ಒಳಗೆ ಉದ್ದುದ್ದ ಎಲೆಗಳು ಸೀರೆಯ ನಿರಿಗೆಯಂತೆ ಒಂದರ ಮೇಲೊಂದು ಮಡಚಿ, ಈ ತುದಿಯಿಂದ ಆ ತುದಿಗೆ ತುಂಡಾಗದೆ ಮಲಗಿದ್ದವು. ಸುತ್ತ ನಿಂತವರು ಬಗ್ಗಿದರು.

"ಮಗುಚುವಾಗ ಬೆರಳಿಗೆ ಗೊತ್ತಾಗಿತ್ರೀ. ಎಲ್ಲೂ ಗಂಟ ಸಿಗಲಿಲ್ಲ," ಎಂದರು ಮಲೀಕಸಾಬರು.

"ಇದೊಂದ ಖರೇ ಇರಬಹುದು."

"ಇನ್ನೊಂದ ತೆಗೀರಿ."

ಎರಡನೆಯದೂ ಹಾಗೆಯೇ. ಮೂರನೆಯದೂ. ಸಮುದ್ರ ದಾಟಿ, ನಲುಗದೆ ಮುರಿಯದೆ ಮಸ್ಕಿಯವರೆಗೆ ಬಂದ ಮೂರು ಸಿಗಾರ್‌ಗಳು ಹೊಟ್ಟೆ ತೆರೆದು ಬಿದ್ದಿದ್ದವು. ನಾಲ್ಕನೆಯದನ್ನು ಎತ್ತಿಕೊಂಡ ಅಮರಗುಂಡಪ್ಪನವರು ಅದರ ಮೇಲೆ ಹೆಬ್ಬೆರಳು ಸವರಿದರು. ಒಣಗಿ ಬಿರುಕು ಬಿಡಬೇಕಾಗಿದ್ದ ಎಲೆ ಬೆರಳಿಗೆ ಬಾಗಿ ಮತ್ತೆ ನೆಟ್ಟಗಾಯಿತು. ಬ್ಲೇಡು ಕೆಳಗಿಟ್ಟರು.

"ಆತು ಬಿಡು, ಮಲೀಕಸಾಬ."

"ನಿಮಗ ಆಗಿರಬಹುದು ಸಾವ್ಕಾರ್ರ. ಇನ್ನಾ ಹದಿನೈದು ಅದಾವ."

"ಆತು ಬಿಡು ಅಂದೆಲ್ಲ! ಏನ್ ಕಾಲ ಹಿಡಕೋಬೇಕ?"

"ಯಪ್ಪಾ, ಹಂಗ ಯಾಕಂತೀರಿ. ನಾ ಬದಲಿ ಮಾಡೀನಂತ ಹೋದ ಗುರುವಾರ ಅಂದ್ರಲ್ಲ, ಅಷ್ಟ ಗಟ್ಟಿಯಾಗಿ ಇವತ್ತೂ ಅಂದ್ಬಿಡ್ರಿ. ಸಾಕು," ಎಂದರು ಮಲೀಕಸಾಬರು.

ಅಮರಗುಂಡಪ್ಪನವರು ಬಸ್ಸಿಗೆ ನಿಂತವರ ಕಡೆ ಒಮ್ಮೆ ನೋಡಿದರು. "ಇವ ಏನೂ ಬದಲಿ ಮಾಡಿಲ್ಲ," ಎಂದರು. ಹೋದ ವಾರದಷ್ಟು ಗಟ್ಟಿಯಾಗಿಯೇ ಅಂದರೆಂದು ಶಿವರಾಜ ಆಮೇಲೆ ವಾದಿಸುತ್ತಿದ್ದ. ನನಗೆ ಹಾಗೆ ಕೇಳಿಸಲಿಲ್ಲ. ಬಳಿಕ ಅಮರಗುಂಡಪ್ಪನವರು ಪೆಟ್ಟಿಗೆ ಮುಚ್ಚಿ ಗಲ್ಲೆಯ ಮೇಲೆ ಮೆಲ್ಲಗೆ ಮುಂದಕ್ಕೆ ಸರಿಸಿದರು.

ಮಲೀಕಸಾಬರು ಅದನ್ನು ತೆಗೆದುಕೊಳ್ಳಲಿಲ್ಲ. "ಒಯ್ರಿ. ಒದ್ದಿ ಅರಿವ್ಯಾಗ ಸುತ್ತಿ ಇಡ್ರಿ. ಬಾಳ ಒದ್ದಿ ಬ್ಯಾಡ."

"ಎಲ್ಲಿ ಇಡ್ಲಿ ಮಾರಾಯ?" ಈ ಸಲ ನಿಜವಾಗಿಯೂ ಕೇಳುತ್ತಿದ್ದರು. ಮಲೀಕಸಾಬರು ಎಲೆಗೆ ಸುಣ್ಣ ಹಚ್ಚತೊಡಗಿದರು. ಕಾರು ಸಿಂಧನೂರಿನ ಕಡೆ ಹೋಯಿತು.

ಹದಿನೈದು ದಿನಗಳಲ್ಲಿ ಮೊಳೆಗಳು ಮತ್ತೆ ತುಂಬತೊಡಗಿದವು. ಆದರೆ ಚೀಲಗಳ ಜಿಪ್ಪಿಗೆ ಈಗ ಪುಟ್ಟ ಬೀಗಗಳು ಬಂದಿವೆ. ಹೊನ್ನೂರಮ್ಮ ಬೀಗದ ಕೈ, ಚೀಟಿ ಕಟ್ಟಿಟ್ಟ ಬಟ್ಟೆಗೆ ಎರಡು ಗಂಟು ಹೆಚ್ಚಾಗಿವೆ. ಕೊಡಲು ಕೈ ಚಾಚಿದವರಿಗೆಲ್ಲ ಮಲೀಕಸಾಬರು ಒಂದೇ ಮಾತು ಹೇಳುತ್ತಾರೆ. "ಒಳಗ ಬರ್ರಿ. ನೀವ ಇಡ್ರಿ, ನೀವ ತಗೋರಿ." ಹಾಗೆ ಹೇಳುವಾಗ ಅವರ ಎರಡೂ ಕೈ ಎಲೆಬುಟ್ಟಿಯ ಒಳಗಿರುತ್ತವೆ.